ರೀಸ್ಲಿಂಗ್ ಎಂಬ ಹುಳಿ ದ್ರಾಕ್ಷಿ

"ಮೇಷ್ಟ್ರೇ, ಹುಡುಗ ಜರ್ಮನಿಗೆ ಹೋಗಿ ಕೊನೆಗೂ ಹೆಂಡದ ಪಾಠ ಓದೋ ಹಾಗಾಯ್ತಲ್ಲ, ನೆಂಟರಿಗೆ ಏನಂತ ಹೇಳಲಿ?" ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಕಳೆದ ತಿಂಗಳು ಮನೆಗೆ ಬಂದು ಕೇಳಿದರು. ಹುಡುಗ ಓದುತ್ತಿರುವುದು ಗೈಸನ್‌ಹೈಮ್‌ನಲ್ಲಿ. ದ್ರಾಕ್ಷಿ ಕೃಷಿ, ವೈನ್ ತಯಾರಿಕೆ ಕಲಿಸುವ, 1872ರಷ್ಟು ಹಳೆಯ ಸಂಸ್ಥೆ. ನಾನಂತೂ ವೈನ್ ಕುಡಿದವನಲ್ಲ. ರುಚಿಯ ವಿಷಯವೆಲ್ಲ ಆ ಹುಡುಗ ಬರೆದದ್ದು, ಉಳಿದದ್ದು ರಸಾಯನಶಾಸ್ತ್ರ.

ಅವನ ಮೆಚ್ಚಿನ ಬಿಳಿ ದ್ರಾಕ್ಷಿ ರೀಸ್ಲಿಂಗ್. 1435ರ ಜರ್ಮನ್ ದಾಖಲೆಯಲ್ಲೇ ಇದರ ಹೆಸರಿದೆ. ಇದರ ಒಳ್ಳೆಯ ವೈನ್ ಕೂಡ ಫ್ರಾನ್ಸಿನ ಬರ್ಗಂಡಿಯ ಹೆಸರಾಂತ ಬಿಳಿ ವೈನ್‌ಗಳಿಗಿಂತ ಎಷ್ಟೋ ಅಗ್ಗ. ಆದರೂ 'ಅದು ಬರೀ ಸಕ್ಕರೆ ನೀರು' ಎಂಬ ಅಪವಾದ ತಪ್ಪಿಲ್ಲ. 1970-80ರ ದಶಕಗಳಲ್ಲಿ ಇದೇ ಬಗೆಯ ನೀಳ ಬಾಟಲಿಗಳಲ್ಲಿ ಅಗ್ಗದ ಸಿಹಿ ವೈನ್ ಹೊರದೇಶಗಳಿಗೆ ಹೋಯಿತು. ಅದರಲ್ಲಿ ಹೆಚ್ಚಿನದು ಮ್ಯೂಲರ್-ಥುರ್ಗಾವ್ ಎಂಬ ಬೇರೆಯೇ ದ್ರಾಕ್ಷಿಯದು. ದಾಯಾದಿ ಮಾಡಿದ ಸಾಲಕ್ಕೆ ಇವನ ಮನೆ ಜಪ್ತಿಯಾದಂತೆ!

ಆ ತಂದೆಯ ಮುಂದೆ ಎರಡು ಲೋಟ ನಿಂಬೆರಸದ ನೀರು ಇಟ್ಟೆ. ಒಂದಕ್ಕೆ ನಾಲ್ಕು ಚಮಚ ಸಕ್ಕರೆ. ಎರಡರಿಂದಲೂ ತುಸು ಕುಡಿಸಿದೆ. ಸಿಹಿ ಲೋಟದಲ್ಲಿ ಹುಳಿ ಕಡಿಮೆ ಎಂದರು. ಆಮೇಲೆ ಎರಡಕ್ಕೂ ದಾಸವಾಳದ ಕಷಾಯ ಹಾಕಿದೆ. ಎರಡೂ ಒಂದೇ ಕೆಂಪು! ಆಮ್ಲ ಎಲ್ಲಿಗೂ ಹೋಗಿಲ್ಲ, ನಾಲಿಗೆ ಮೋಸಹೋಗಿದೆ. ಮಕ್ಕಳೇ, ನೀವೂ ಮಾಡಿ ನೋಡಿ. ಇದಕ್ಕೆ ಬೇಕಾದ್ದು ನಿಂಬೆಹಣ್ಣು, ವೈನ್ ಅಲ್ಲ.

ಈ ಮೋಸ ತಿರುಗಿಯೂ ನಡೆಯುತ್ತದೆ. ಹುಳಿ ಹೆಚ್ಚಿದ್ದರೆ ಸಿಹಿ ಕಡಿಮೆ ಎನಿಸುತ್ತದೆ. ಬಿಸಿಲು ನಾಡಿನಲ್ಲಿ ದ್ರಾಕ್ಷಿಯ ಮ್ಯಾಲಿಕ್ ಆಮ್ಲ ಕಾಯಿಯ ಉಸಿರಾಟದಲ್ಲೇ ಬೇಗ ಖರ್ಚಾಗುತ್ತದೆ. ಮೋಸೆಲ್ ನದಿಯ ದಡದ ಕಡಿದಾದ ಸ್ಲೇಟು ಕಲ್ಲಿನ ಇಳಿಜಾರುಗಳಲ್ಲಿ ತಂಪು ಹೆಚ್ಚು, ಆಮ್ಲ ಉಳಿಯುತ್ತದೆ. ಹೀಗಾಗಿ ಲೀಟರಿಗೆ 40 ಗ್ರಾಂ ಸಕ್ಕರೆಯಿದ್ದರೂ ರೀಸ್ಲಿಂಗ್ ಪಾನಕದಂತೆ ಅಂಟುವುದಿಲ್ಲವಂತೆ. ಕಾನೂನೂ ಇದನ್ನು ಒಪ್ಪಿದೆ. ಲೇಬಲ್ಲಿನಲ್ಲಿ 'ಟ್ರೋಕನ್', ಎಂದರೆ ಸಿಹಿಯಿಲ್ಲದ್ದು, ಎಂದು ಬರೆಯಲು ಸಕ್ಕರೆ ಲೀಟರಿಗೆ 4 ಗ್ರಾಂ ಮೀರಬಾರದು. ಆದರೆ ಆಮ್ಲ ಸಾಕಷ್ಟಿದ್ದು, ಸಕ್ಕರೆ ಅದಕ್ಕಿಂತ 2 ಗ್ರಾಮಿಗೆ ಮೀರಿ ಹೆಚ್ಚಿಲ್ಲದಿದ್ದರೆ 9 ಗ್ರಾಮಿನವರೆಗೂ ಬರೆಯಬಹುದು!

ಇನ್ನೊಂದು ದೂರು ಸೀಮೆಎಣ್ಣೆ ವಾಸನೆಯದು. ಹಳೆಯ ಬಾಟಲಿ ತೆರೆದು, ಕಲಬೆರಕೆಯೆಂದು ಹೆದರುವವರಿದ್ದಾರೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್ ಗುಂಪಿನ ವಸ್ತುಗಳು ಈ ದ್ರಾಕ್ಷಿಯಲ್ಲೂ ಇವೆ. ಅವು ಒಡೆದು, ವರ್ಷಗಟ್ಟಲೆ ಆಮ್ಲದಲ್ಲಿದ್ದು, ಟಿಡಿಎನ್ ಎಂಬ ಹೈಡ್ರೋಕಾರ್ಬನ್ ಆಗುತ್ತವೆ. ಗೊಂಚಲಿಗೆ ಬಿಸಿಲು ಹೆಚ್ಚು ಬಿದ್ದಷ್ಟೂ ಅದು ಹೆಚ್ಚು. ಯಾರೂ ಏನೂ ಬೆರೆಸಿರುವುದಿಲ್ಲ.

ಆ ತಂದೆ ಎರಡು ಕೆಂಪು ಲೋಟಗಳನ್ನೇ ನೋಡುತ್ತ ಕುಳಿತಿದ್ದರು. "ಹಾಗಾದ್ರೆ ಅವನು ಓದ್ತಿರೋದು ಕೆಮಿಸ್ಟ್ರಿನೇ ಅಲ್ವೇ ಮೇಷ್ಟ್ರೇ?"

"ನೆಂಟರಿಗೆ ಹಾಗೇ ಹೇಳಿ" ಎಂದೆ.