ಬೆಕ್ಕಿನ ವಿಡಿಯೊ ಹಿಡಿದದ್ದು ಯಾರು?

2023ರ ಡಿಸೆಂಬರ್ 11ರಂದು 3.1 ಕೋಟಿ ಕಿ.ಮೀ. ದೂರದಲ್ಲಿದ್ದ ನಾಸಾದ ಸೈಕಿ ನೌಕೆಯಿಂದ ಬೆಕ್ಕೊಂದರ 15 ಸೆಕೆಂಡುಗಳ ವಿಡಿಯೊ ಲೇಸರ್ ಬೆಳಕಿನ ಮೂಲಕ ಭೂಮಿಗೆ ಬಂತು. ಈ ಸಂಗತಿಯನ್ನು ತರಗತಿಯಲ್ಲಿ ಹೇಳುವಾಗ ‘ಭಾರಿ ಶಕ್ತಿಯ ಲೇಸರ್’ ಎಂದುಬಿಡುವುದು ಸುಲಭ. ದಯವಿಟ್ಟು ಹಾಗೆ ಹೇಳಬೇಡಿ. ನೌಕೆಯ ಲೇಸರ್ ಸೂಸುತ್ತಿದ್ದುದು ಸರಾಸರಿ 4 ವ್ಯಾಟ್ ಮಾತ್ರ. ಜೋರಾಗಿ ಕೂಗಿದರಷ್ಟೇ ದೂರಕ್ಕೆ ಕೇಳಿಸುತ್ತದೆ ಎಂಬ ಭಾವನೆ ಮಕ್ಕಳಲ್ಲಿ ಈಗಾಗಲೇ ಇರುತ್ತದೆ. ಅದನ್ನು ನಾವೇ ಗಟ್ಟಿ ಮಾಡುವುದು ಬೇಡ.

ಇಲ್ಲಿ ಹೊಗಳಬೇಕಾದದ್ದು ಕಿವಿಯನ್ನು. ಲೇಸರ್ ಕಿರಣವೂ ದೂರ ಹೋದಂತೆ ಹರಡುತ್ತದೆ. ಅಷ್ಟು ದೂರದಿಂದ ಭೂಮಿ ತಲುಪುವ ಹೊತ್ತಿಗೆ ಅದರ ಅಗಲ ಇನ್ನೂರು ಕಿ.ಮೀ.ಗೂ ಹೆಚ್ಚು. ಅದರಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ 5 ಮೀಟರ್ ದೂರದರ್ಶಕಕ್ಕೆ ಸಿಗುವ ಪಾಲು ಎಷ್ಟೆಂದು ನೀವೇ ಊಹಿಸಿ. (1948ರಲ್ಲಿ ಉದ್ಘಾಟನೆಯಾದ ಹಳೆಯ ದೂರದರ್ಶಕವದು. ಹಳೆಯದೆಂದು ಮೂಲೆಗೆ ಹಾಕಲಿಲ್ಲ!) ಆ ಪಾಲಿನ ಒಂದೊಂದೇ ಫೋಟಾನನ್ನು ಎಣಿಸಿದ್ದು ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಅತಿವಾಹಕ ತಂತಿಗಳು. ಅವುಗಳನ್ನು ಸುಮಾರು ಮೈನಸ್ 272 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿಟ್ಟಿದ್ದರು. ಅಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದೆ. ಒಂದು ಫೋಟಾನ್ ಬಿದ್ದರೆ ಸಾಕು, ಆ ಜಾಗದಲ್ಲಿ ತಂತಿ ಅತಿವಾಹಕತೆ ಕಳೆದುಕೊಂಡು ತಡೆ ಹುಟ್ಟುತ್ತದೆ, ಉಪಕರಣಕ್ಕೆ ಒಂದು ಮಿಡಿತ ಸಿಗುತ್ತದೆ. ಮರುಕ್ಷಣವೇ ತಂತಿ ಮತ್ತೆ ಸಿದ್ಧ.

ಒಂದು ಕಣದಲ್ಲಿ ಅಷ್ಟು ಮಾಹಿತಿ ತುಂಬುವುದು ಹೇಗೆ ಎಂದು ಮಕ್ಕಳು ಕೇಳಿಯಾರು. ತುಂಬುವುದೇ ಇಲ್ಲ. ಬೆಳಕು ಯಾವ ಗಳಿಗೆಯಲ್ಲಿ ಬಂತು ಎಂಬುದೇ ಸುದ್ದಿ. ಇದಕ್ಕೆ ಯಾವ ಉಪಕರಣವೂ ಬೇಡ. ಒಂದರಿಂದ ನಾಲ್ಕರವರೆಗೆ ಎಣಿಸುತ್ತ ಒಂದೇ ಚಪ್ಪಾಳೆ ತಟ್ಟಿ. ಒಂದಕ್ಕೆ ತಟ್ಟಿದರೆ ‘ಕ’, ಎರಡಕ್ಕೆ ‘ಮ’, ಮೂರಕ್ಕೆ ‘ಲ’, ನಾಲ್ಕಕ್ಕೆ ‘ರ’. ‘ಕಮಲ’ ಎಂದು ಕಳುಹಿಸಲು ಮೂರೇ ಚಪ್ಪಾಳೆ. ನೌಕೆಯೂ ಹೀಗೆಯೇ ಹೇಳಿತು. ಅದರ ಎಣಿಕೆ ಮಾತ್ರ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿತ್ತು. ಆ ದಿನ ಸೆಕೆಂಡಿಗೆ 267 ಮೆಗಾಬಿಟ್ ಬಂದವು. 2024ರ ಜೂನ್‌ನಲ್ಲಿ ನೌಕೆ 39 ಕೋಟಿ ಕಿ.ಮೀ. ಆಚೆಗೆ ಹೋದಾಗ 6.25 ಮೆಗಾಬಿಟ್‌ಗೆ ಇಳಿಯಿತು. ಫೋಟಾನುಗಳೇ ವಿರಳವಾದರೆ ಇನ್ನೇನಾದೀತು?

ಚಪ್ಪಾಳೆ ಆಟ ಮುಗಿದ ಮೇಲೆ ಅರ್ಧ ತರಗತಿಗೆ ಗದ್ದಲ ಮಾಡಲು ಹೇಳಿ, ಮೆಲ್ಲಗೆ ತಟ್ಟಿ. ‘ಕಮಲ’ ಏನಾಗಿ ತಲುಪಿತೆಂದು ಹಿಂದಿನ ಸಾಲಿನ ಮಕ್ಕಳನ್ನು ಕೇಳಿ. ಆಮೇಲೆ ಅವರೇ ಚರ್ಚಿಸಲಿ: ತಟ್ಟುವವರು ಜೋರಾಗಿ ತಟ್ಟಬೇಕೋ, ಕೇಳುವವರು ಹತ್ತಿರದಿಂದ ಕಿವಿಗೊಡಬೇಕೋ, ಹತ್ತಿರ ಬರಲು ಆಗದಿದ್ದರೆ ಏನು ಮಾಡಬೇಕು?