ಕೋಣೆಯ ಹಾಡು

ಕಾನಿ ಕಾನ್‌ವರ್ಸ್ ಎಂಬಾಕೆ 1950ರ ದಶಕದಲ್ಲಿ ನ್ಯೂಯಾರ್ಕಿನ ತನ್ನ ಕೋಣೆಯಲ್ಲಿ ಗಿಟಾರ್ ನುಡಿಸುತ್ತ, ತಾನೇ ಕಟ್ಟಿದ ಹಾಡುಗಳನ್ನು ಟೇಪಿನಲ್ಲಿ ಮುದ್ರಿಸಿ ತಮ್ಮನಿಗೆ ಕಳುಹಿಸುತ್ತಿದ್ದಳು. 1954ರಲ್ಲಿ ಜೀನ್ ಡೈಚ್ ಎಂಬ ಸಹೃದಯರೂ ತಮ್ಮ ಮನೆಯಲ್ಲಿ ಆಕೆಯ ಗಾಯನವನ್ನು ಮುದ್ರಿಸಿಕೊಂಡರು. ಆಗ ಯಾವ ಕಂಪೆನಿಯೂ ಆಕೆಯ ಧ್ವನಿಮುದ್ರಿಕೆಯನ್ನು ಹೊರತರಲಿಲ್ಲ. 1974ರಲ್ಲಿ, ಐವತ್ತರ ವಯಸ್ಸಿನಲ್ಲಿ, ಬಂಧುಮಿತ್ರರಿಗೆ ಪತ್ರ ಬರೆದಿಟ್ಟು ಕಾರು ಹತ್ತಿ ಹೋದವಳು ಮತ್ತೆ ಕಾಣಲಿಲ್ಲ. ಹಾಡುಗಳ ಸಂಪುಟ ಬಂದದ್ದು 2009ರಲ್ಲಿ!

ಇಂದು ಹಾಡುಗಾರನು ತನ್ನ ಕೋಣೆಯಿಂದಲೇ ಲೋಕಕ್ಕೆಲ್ಲ ಹಾಡನ್ನು ಹಂಚಬಲ್ಲ. ಕಂಪೆನಿಯ ಕದ ತಟ್ಟಬೇಕಿಲ್ಲ. ಒಳ್ಳೆಯದೇ. ಆದರೆ ಇದನ್ನೇ ಕಲೆಯ ಬಿಡುಗಡೆಯೆಂದು ಕೊಂಡಾಡುವವರೊಡನೆ ನಾನು ಪೂರ್ತಿಯಾಗಿ ದನಿಗೂಡಿಸಲಾರೆ. ಆ ಟೇಪುಗಳು ಉಳಿದದ್ದು ತಮ್ಮನೂ ಡೈಚರೂ ಅವನ್ನು ಜೋಪಾನವಾಗಿ ಇಟ್ಟುಕೊಂಡದ್ದರಿಂದ. ಈಗಿನ ಕೇಳುಗರಲ್ಲಿ ಒಬ್ಬ ಅಪರಿಚಿತನ ಹಾಡನ್ನು ಐವತ್ತು ವರ್ಷ ಕಾದಿಡುವವರು ಎಷ್ಟು ಮಂದಿಯೋ, ನಾನರಿಯೆ.