ರಾತ್ರಿ ಪಾಳಿಗೂ ಒಂದು ಚೌಕಿ ಬೇಕು

ಯಕ್ಷಗಾನ ಬಯಲಾಟ ನೋಡಿ ಬೆಳೆದವರಿಗೆ ಚೌಕಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆ, ಗೊತ್ತು. ಆಟ ಬೆಳಗಿನವರೆಗೆ ನಡೆದರೂ ಒಬ್ಬನೇ ವೇಷಧಾರಿ ಬೆಳಗಿನವರೆಗೆ ಕುಣಿಯುವುದಿಲ್ಲ. ತನ್ನ ಪ್ರವೇಶ ಬರುವ ತನಕ ಚೌಕಿಯಲ್ಲಿ ಮೈಚಾಚುತ್ತಾನೆ. ಆಟವನ್ನು ಹಾಡಿ ನಡೆಸುವ ಭಾಗವತಿಕೆಯೂ ನಡುವೆ ಕೈ ಬದಲಾಗುತ್ತದೆ. ಇರುಳು ದುಡಿಯುವ ಮೈಗೆ ಬಿಡುವು ಬೇಕು, ಬಿಡುವಿಗೆ ಒಂದು ಜಾಗ ಬೇಕು, ಆ ಹೊತ್ತಿಗೆ ಇನ್ನೊಂದು ಆಳು ಬೇಕು ಎಂಬ ತಿಳಿವಳಿಕೆ ನಮ್ಮ ಕಡೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗೆ ಹಳೆಯದು. ಆಟದ ಹೊರಗೆ, ದುಡಿಮೆಯ ಜಾಗಗಳಲ್ಲಿ ಅದು ಎಷ್ಟು ಉಳಿದಿದೆ? ನಡೆದು ಬಂದ ದಾರಿಯನ್ನೊಮ್ಮೆ ತಿರುಗಿ ನೋಡಬೇಕಾಗಿದೆ.

ಮುಂಬೈಯ ಗಿರಣಿ ಕಾರ್ಮಿಕರಿಗೆ ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೊಡಿ ಎಂದು ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಕೇಳಿದ್ದು 1884ರಲ್ಲಿ. 1891ರ ಕಾಯ್ದೆ ಅದನ್ನು ಒಪ್ಪಿತು. 1948ರ ಕಾರ್ಖಾನೆ ಕಾಯ್ದೆ ಐದು ಗಂಟೆ ದುಡಿದವರಿಗೆ ಅರ್ಧ ಗಂಟೆ ವಿರಾಮ ಕಡ್ಡಾಯ ಮಾಡಿತು. 1961ರ ಕಾಯ್ದೆಯಿಂದ ಬಸ್ಸು, ಲಾರಿ ನೌಕರರಿಗೂ ಅಷ್ಟೇ ಬಿಡುವು ದೊರೆಯಿತು. ಅದೇ ವರ್ಷದ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಒಂದು ಗಂಟೆಯ ವಿರಾಮ ಕೊಟ್ಟಿತು.

ಕಳೆದ ಕೆಲವು ವರ್ಷಗಳ ನಡೆ ಮಾತ್ರ ಹಿಮ್ಮುಖ. 2020ರ ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು 10 ಗಂಟೆಗೆ ಏರಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಜೂನ್ 11ರಂದು ಹಿಂತೆಗೆದುಕೊಂಡಿತು. ಇಂಥದೇ ಗುಜರಾತಿನ ಆದೇಶಗಳನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಆದರೂ 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಯನ್ನೇ ತಿದ್ದಿತು. ದಿನಕ್ಕೆ 12 ಗಂಟೆಯ ದುಡಿಮೆಗೆ ದಾರಿಯಾಯಿತು. ಬಿಡುವಿಲ್ಲದ ಐದು ಗಂಟೆಯನ್ನು ಆರಕ್ಕೆ ಎಳೆಯುವ ಅಧಿಕಾರ ಸರ್ಕಾರದ ಕೈ ಸೇರಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಒಳಿತೂ ಇದೆ. ಹಿಂದೆ 150ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಮಾತ್ರ ಕಡ್ಡಾಯವಾಗಿದ್ದ ವಿಶ್ರಾಂತಿ ಕೊಠಡಿ ಈಗ 50 ಮೀರಿದರೆ ಬೇಕು. ಆದರೆ ಕಾಯ್ದೆಯಲ್ಲೇ ಬರೆದಿದ್ದ ಅರ್ಧ ಗಂಟೆಯ ವಿರಾಮವನ್ನು ಸಂಹಿತೆ ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಹಕ್ಕು ಅಧಿಸೂಚನೆಯ ಮರ್ಜಿಗೆ ಬೀಳಬಾರದು.

ಇನ್ನು ನಮ್ಮೂರಿನ ಲೆಕ್ಕ. ಗೆರಸೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ತಾಯಂದಿರ ರಾತ್ರಿ ಯಾವ ಕಾಯ್ದೆಗೂ ಕಾಣುವುದಿಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆಯ ವಿರಾಮ ಇದ್ದದ್ದು ಕಾರ್ಖಾನೆಯ ಆವರಣಕ್ಕೆ, ಮನೆಯ ಜಗಲಿಗಲ್ಲ. ಮರುದಿನ ಕಂಪನಿಯ ಬ್ರಾಂಚಿಗೆ ಕೊಡಬೇಕಾದ ಬೀಡಿಯ ಲೆಕ್ಕವೇ ಅವರ ಗಡಿಯಾರ. ಧರ್ಮಸ್ಥಳದಿಂದ ಬೆಂಗಳೂರಿಗೆ ಇರುಳಲ್ಲಿ ಘಾಟಿ ಹತ್ತುವ ಬಸ್ಸಿನ ಚಾಲಕನ ಅರ್ಧ ಗಂಟೆ, ಹಿಂದೆ ಕುಳಿತವರೆಲ್ಲರ ಜೀವದ ಪ್ರಶ್ನೆ. ಹಾಸ್ಟೆಲಿನ ಗೇಟಿಗೆ ಒಬ್ಬನೇ ಕಾವಲುಗಾರ, ವಾರ್ಡಿಗೆ ಒಬ್ಬರೇ ನರ್ಸ್ ಇದ್ದರೆ ವಿರಾಮ ಹಾಜರಿ ಪುಸ್ತಕದಲ್ಲಷ್ಟೇ ಇರುತ್ತದೆ. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ಯುವವೈದ್ಯೆ, ದೀರ್ಘ ಪಾಳಿಯ ನಡುವೆ ಮಲಗಲು ಹೋಗಿದ್ದು ಸೆಮಿನಾರ್ ಕೋಣೆಗೆ. ಆ ಸಾವಿನ ನಂತರವೂ ವಿಶ್ರಾಂತಿ ಕೊಠಡಿಯನ್ನು ಸೌಕರ್ಯವೆಂದು ಕರೆಯುವುದು ತಪ್ಪು, ಅದು ರಕ್ಷಣೆ.

ಇಂಥ ಹಕ್ಕನ್ನು ಗೆದ್ದುಕೊಂಡ ಮಾದರಿಗೆ ದೂರ ಹೋಗಬೇಕಿಲ್ಲ. ಬಂಟ್ವಾಳದ ಗಡಿ ದಾಟಿದರೆ ಕೇರಳ. ಅಲ್ಲಿ ಕೋಝಿಕ್ಕೋಡಿನ ಕಾರ್ಮಿಕ ಹೋರಾಟಗಾರ್ತಿ ಪಿ. ವಿಜಿ ಮತ್ತು ಸಂಗಾತಿಗಳು ವರ್ಷಗಟ್ಟಲೆ ಹೋರಾಡಿ, ಅಂಗಡಿಗಳಲ್ಲಿ ನಿಂತೇ ದುಡಿಯುವ ಹೆಣ್ಣುಮಕ್ಕಳಿಗೆ ಕೂರುವ ಹಕ್ಕನ್ನು 2018ರಲ್ಲಿ ಕಾನೂನಾಗಿಸಿದರು.

ಒಟ್ಟು ಲೆಕ್ಕ ಇಷ್ಟು: ನೂರಮೂವತ್ತು ವರ್ಷಗಳಲ್ಲಿ ಬಿಡುವಿನ ಹೊತ್ತನ್ನು ಬರೆದುಕೊಂಡೆವು, ಬಿಡುವಿನ ಜಾಗವನ್ನೂ ಬದಲಿ ಆಳನ್ನೂ ಎಲ್ಲರಿಗೂ ಕೊಡಲಿಲ್ಲ. ರಾಜ್ಯ ಸರ್ಕಾರ ತನ್ನ ನಿಯಮಗಳಲ್ಲಿ ಐದು ಗಂಟೆಗೆ ಅರ್ಧ ಗಂಟೆಯ ವಿರಾಮವನ್ನು ಉಳಿಸಿಕೊಳ್ಳಲಿ. ಕಾರ್ಮಿಕ ಇಲಾಖೆಯ ಅಧಿಕಾರಿಗಳು ಹಗಲಿನ ತಪಾಸಣೆಯ ಜೊತೆಗೆ ನಡುರಾತ್ರಿಯೂ ಒಮ್ಮೆ ಬರಲಿ. ಮಾಲೀಕರು, ಆಡಳಿತ ಮಂಡಳಿಗಳು ಒಂದು ಕೊಠಡಿ, ಒಂದು ಮಂಚ, ಒಬ್ಬ ಬದಲಿ ಆಳನ್ನು ಈ ವರ್ಷವೇ ಒದಗಿಸಲಿ. ನಾವು ನಿದ್ರಿಸುವಾಗ ನಮಗಾಗಿ ಎಚ್ಚರವಿರುವವರಿಗೆ ಅರ್ಧ ಗಂಟೆ ಕಣ್ಣು ಮುಚ್ಚಲು ಬಿಡುವುದು ದಯೆಯಲ್ಲ, ಅವರಿಗೆ ಸಲ್ಲಬೇಕಾದ ಬಾಕಿ.